ಮಾವನವರ ನಡುಗಡ್ಡೆ

ನನ್ನ ಮಾವನವರು ನಮ್ಮೊಡನೆ ಆಡಿದ ಮೊದಲ ಮಾತು, "ಆ ಪಾತ್ರೆ ಒಳಗೇನೈತ್ರೀ?"

ಹೆಣ್ಣು ನೋಡಲು ಬಂದವರನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ಕುಶಲವಿಲ್ಲ, ನಮಸ್ಕಾರವಿಲ್ಲ. ಪಂಚೆಯನ್ನು ತೊಡೆಯವರೆಗೆ ಎತ್ತಿ ಕಟ್ಟಿ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು, ಮೊಣಕಾಲುದ್ದ ನೀರಿನಲ್ಲಿ ನಿಂತು ನಮ್ಮ ದೋಣಿಯ ಅಂಚು ಹಿಡಿದಿದ್ದರು. ಬಿಡುವ ಲಕ್ಷಣವಿರಲಿಲ್ಲ.

ನನ್ನ ಮಾವ, ಪಂಚಾಯಿತಿ ಛೇರ್ಮನ್ ಚನ್ನವೀರಪ್ಪನವರೆಂದರೆ ಉಳವಿ, ಕುಪ್ಪಗಡ್ಡೆಯ ಕಡೆ ಗೊತ್ತಿಲ್ಲದವರಿರಲಿಲ್ಲ. ಅವರದು ಸೊರಬ ತಾಲ್ಲೂಕಿನ ಮೂಲೆಯಲ್ಲೊಂದು ಸಣ್ಣ ಊರು, ಊರಿಗೊಂದು ದೊಡ್ಡ ಕೆರೆ, ಕೆರೆಯ ನಡುವೆ ಹೊಳೆಮತ್ತಿ, ನೇರಳೆ ಮರಗಳ ಒಂದು ನಡುಗಡ್ಡೆ. ಮಳೆಗಾಲ ಬಂತೆಂದರೆ ಆ ಮರಗಳ ತುಂಬ ಕೊಕ್ಕರೆಗಳ ಗೂಡು. ಎಪ್ಪತ್ತರ ದಶಕ ಶುರುವಾಗುವಾಗ ಪೇಟೆಯವರಿಗೆ ಪಿಕ್ನಿಕ್ಕಿನ ಹುಚ್ಚು ಹತ್ತಿತ್ತು. ಭಾನುವಾರವಾದರೆ ಶಿಕಾರಿಪುರ, ಸಾಗರದಿಂದ ಜನ ಬಂದು, ಗಡ್ಡೆಯ ಮೇಲೆ ಮೂರು ಕಲ್ಲಿಟ್ಟು ಒಲೆ ಹೂಡಿ, ಉಂಡು, ಎಂಜಲೆಲೆ ಅಲ್ಲೇ ಬಿಸಾಕಿ ಹೋಗುತ್ತಿದ್ದರು. ಒಂದು ಬೇಸಿಗೆಯಲ್ಲಿ ಯಾರೋ ಆರಿಸದೆ ಬಿಟ್ಟ ಒಲೆಯಿಂದ ಅರ್ಧ ಗಡ್ಡೆ ಸುಟ್ಟು ಕರಕಲಾಯಿತು. ಆ ಮಳೆಗಾಲ ಹಕ್ಕಿ ಬರಲಿಲ್ಲ. ಊರಿಗೆ ಊರೇ ಸೂತಕ ಹಿಡಿದಂತೆ ಕೂತಿತ್ತಂತೆ.

ಆಗ ಮಾವನವರು ಪಂಚಾಯಿತಿಯನ್ನು ಸೇರಿಸಿ ಠರಾವು ಮಾಡಿಸಿದರು. ಗಡ್ಡೆಯ ಮೇಲೆ ಒಲೆ ಹಚ್ಚುವಂತಿಲ್ಲ, ಏನನ್ನೂ ಕಟ್ಟುವಂತಿಲ್ಲ, ಒಯ್ದದ್ದನ್ನೆಲ್ಲ ವಾಪಸು ತರಬೇಕು. ಹೋಗಿ, ನೋಡಿ, ಬನ್ನಿ. ಠರಾವನ್ನು ಎಲ್ಲರೂ ಮಾಡುತ್ತಾರೆ. ನೀರಿಗಿಳಿದು ದೋಣಿ ಹಿಡಿದು ನಿಲ್ಲುವವರು ಎಲ್ಲಿ ಸಿಗುತ್ತಾರೆ? ಮೂರು ವರ್ಷಕ್ಕೆ ಹಕ್ಕಿ ಮತ್ತೆ ಬಂತು.

ಪಂಚಾಯಿತಿಯ ಮಾತೆತ್ತಿದರೆ ಅವರಿಗೆ ಮನೆಯ ಹಿರಿಯಜ್ಜಿಯ ಮಾತೆತ್ತಿದ ಹಾಗೆ. "ಇದು ಪಂಚಾಯ್ತಿಗೆ ಸೇರಂಗಿಲ್ಲ." "ತಡಿ ಮಾರಾಯ, ಪಂಚಾಯ್ತಿನ ಒಂದ್ಮಾತು ಕೇಳಾಣ." ಯಾರಾದರೂ ಜಗಳಕ್ಕೆ ಬಂದರಂತೂ ಒಂದೇ ಉತ್ತರ: "ನಾನು ಹೇಳಿದ್ದಲ್ರೀ, ಪಂಚಾಯ್ತಿ ಹೇಳಿದ್ದು." ನಮ್ಮ ಅತ್ತೆಯವರು ರೇಗಿ, "ನಿಮ್ ಪಂಚಾಯ್ತಿಗೂ ಒಂದು ಎಲೆ ಹಾಕ್ಲೇನ್ರೀ ಊಟಕ್ಕೆ?" ಎಂದು ಕೇಳುತ್ತಿದ್ದರು. ಅವರು ನಗದೆ, "ಅದು ಹೊರಗಡೆ ಉಣ್ಣಲ್ಲ" ಎನ್ನುತ್ತಿದ್ದರು.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅವತ್ತು ನಾನು ಇಸ್ತ್ರಿ ಅಂಗಿ ಹಾಕಿಕೊಂಡು ದೋಣಿಯಲ್ಲಿ ಕೂತಿದ್ದ, ಶಿಕಾರಿಪುರದ ಸೈಕಲ್ ಶಾಪಿನ ಬಡಪಾಯಿ. ರಾಹುಕಾಲ ಕಳೆದ ಮೇಲೆ ಹೆಣ್ಣಿನ ಮನೆಗೆ ಹೋದರಾಯಿತು, ಅಷ್ಟರೊಳಗೆ ಗಡ್ಡೆ ನೋಡಿಕೊಂಡು ಅಲ್ಲೇ ಚಿತ್ರಾನ್ನ ಮಾಡಿ ಉಣ್ಣೋಣ ಎಂದವರು ನಮ್ಮ ದೊಡ್ಡಪ್ಪ. ಅಪ್ಪ ತೀರಿದ ಮೇಲೆ ನನ್ನ ಯಜಮಾನಿಕೆಯೆಲ್ಲ ಅವರದೇ. ಕಂಟ್ರಾಕ್ಟರು. ಗಡ್ಡೆಯ ಮೇಲೆ ಸರ್ಕಾರದಿಂದ ಪ್ರವಾಸಿ ಬಂಗಲೆ ಕಟ್ಟುವ ಮಾತು ನಡೆದಿತ್ತು. ಕೆಲಸ ದೊಡ್ಡಪ್ಪನಿಗೇ ಸಿಗುವುದಿತ್ತು. ಬೇಕಾಗಿದ್ದದ್ದು ಪಂಚಾಯಿತಿಯ ಒಪ್ಪಿಗೆಯೊಂದೇ. ಬೀಗರಾದ ಮೇಲೆ ಛೇರ್ಮನ್ನರು ಇಲ್ಲವೆನ್ನುತ್ತಾರೆಯೇ ಎಂಬುದು ಅವರ ಲೆಕ್ಕ.

"ನಾವ್ರೀ, ಶಿಕಾರಿಪುರದೋರು. ನಿಮ್ಮ ಮನಿಗೇ ಬಂದೋರು," ಎಂದರು ದೊಡ್ಡಪ್ಪ.

ಮಾವನವರ ಮುಖ ಅರಳಿತು. ಎಲ್ಲರ ಕ್ಷೇಮ ಕೇಳಿದರು, ನನ್ನನ್ನು ಕಣ್ಣು ತುಂಬ ನೋಡಿದರು. ಕೈ ಮಾತ್ರ ದೋಣಿ ಬಿಡಲಿಲ್ಲ. "ಅಕ್ಕಿ, ಸೌದೆ ಇಳಿಸ್ಬಿಡ್ರಿ. ನೋಡ್ಕೊಂಡು ಬರ್ರಿ, ನಮ್ಮನ್ಯಾಗೆ ಊಟ."

ದೊಡ್ಡಪ್ಪನಿಗೆ ಕಿಡಿ ಹತ್ತಿತು. ಬಂಗಲೆಯ ಮಾತನ್ನೂ ಅಲ್ಲೇ ಎತ್ತಿಬಿಟ್ಟರು. ಮಾವನವರು ಅದಕ್ಕೂ ತಲೆಯಾಡಿಸಿ ಇಲ್ಲವೆಂದರು.

"ನಿಮ್ಮ ಮಗಳ ಮದಿವಿಗಿಂತ ಆ ಗಡ್ಡಿ ದೊಡ್ದಾತೇನ್ರೀ ನಿಮಗ?"

ಮಾವನವರು ಇನ್ನೊಂದು ಕೈಯಿಂದಲೂ ದೋಣಿಯ ಅಂಚು ಹಿಡಿದರು. "ಮಗಳು ನನ್ನವಳ್ರೀ. ಗಡ್ಡೆ ನಂದಲ್ಲ. ನಂದಲ್ಲದ್ದನ್ನ ಹೆಂಗ್ರೀ ಕೊಡ್ಲಿ?"

ಆ ಹುಡುಗಿಗೆ ಅದಕ್ಕೂ ಮುಂಚೆ ಎರಡು ಸಂಬಂಧ ತಪ್ಪಿಹೋಗಿದ್ದವು. ಮೂರನೆಯದನ್ನು ಅವರು ಹೀಗೆ ನೀರಿನಲ್ಲಿ ನಿಂತು ಕೈಯಾರೆ ಬಿಟ್ಟಿದ್ದರು.

ದೊಡ್ಡಪ್ಪ ಹೆಣ್ಣಿನ ಮನೆಯತ್ತ ತಿರುಗಿಯೂ ನೋಡದೆ ನಮ್ಮನ್ನು ಬಸ್ಸಿನ ಕಟ್ಟೆಗೆ ಎಳೆದೊಯ್ದರು. ಸಂಜೆಯವರೆಗೆ ಬಸ್ಸಿಲ್ಲ. ಸಿಟ್ಟು, ಹಸಿವು ಎರಡೂ ಏರುತ್ತಿದ್ದಾಗ ಮಾವನವರು ಬಂದರು. ಹಿಂದೆ ಬುಟ್ಟಿ ಹೊತ್ತ ಮಗಳು ನೀಲಾ.

"ಸಂಬಂಧ ಬ್ಯಾರೆ, ಪಂಚಾಯ್ತಿ ಬ್ಯಾರೆ, ಹಸಿವು ಬ್ಯಾರೆ," ಎಂದರು. "ನಮ್ಮೂರಿಗೆ ಬಂದೋರು ಹಸ್ಕೊಂಡು ಹೋಗ್ಬಾರ್ದು."

ಕಟ್ಟೆಯ ಮೇಲೇ ಎಲೆ ಹಾಕಿ ನೀಲಾ ಬಡಿಸಿದಳು. ನಮ್ಮಲ್ಲಿ ಒಂದು ಪದ್ಧತಿ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿನ್ನಬಹುದು, ಕಾಫಿ ಕುಡಿಯಬಹುದು. ಆ ಮನೆಯ ಸಿಹಿ ಮುಟ್ಟಿದರೆ ಒಪ್ಪಿದ ಹಾಗೆ. ದೊಡ್ಡಪ್ಪ ಬುತ್ತಿ ಅನ್ನಕ್ಕೆ ಕೈ ಹಾಕಿ, ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದರು. ಉಳಿದವರೂ ಹಾಗೇ ಸರಿಸಿದರು. ನೀಲಾ ಅದನ್ನು ನೋಡಿದಳು. ನೋಡಿಯೂ ತಲೆ ತಗ್ಗಿಸಲಿಲ್ಲ, ಅಪ್ಪನ ಪಕ್ಕ ಹೋಗಿ ನಿಂತಳು.

ಇಂಥ ಮನುಷ್ಯನಿಗೆ ಅಳಿಯನಾಗದಿದ್ದರೆ ನನ್ನಂಥ ದಡ್ಡ ಇನ್ನೊಬ್ಬನಿಲ್ಲ ಅನ್ನಿಸಿತು. ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡೆ. ದೊಡ್ಡಪ್ಪ ನನ್ನ ತೊಡೆ ಚಿವುಟಿದರು. ನಾನು ಇನ್ನೊಂದು ಹೋಳಿಗೆ ಕೇಳಿದೆ.

ಮಾವನವರು ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡು ಅತ್ತ ತಿರುಗಿದರು. ಬಿಸಿಲೇನೂ ಇರಲಿಲ್ಲ.

ಮದುವೆಯಾದ ಮೇಲೆ ಅವರೇ ಶಿಕಾರಿಪುರಕ್ಕೆ ಬಂದು ದೊಡ್ಡಪ್ಪನ ಎದುರು ಕೂತರು. "ಬಂಗ್ಲೆ ಬ್ಯಾಡ ಅಂತ ಪಂಚಾಯ್ತಿ ಹೇಳಿಲ್ರೀ. ಗಡ್ಡೆ ಮ್ಯಾಲೆ ಬ್ಯಾಡ ಅಂತು. ಗಡ್ಡೆ ಚೆಂದ ಕಾಣೋದು ದಡದಿಂದ. ಏರಿ ಪಕ್ಕದ ಜಾಗ ಪಂಚಾಯ್ತಿ ಕೊಡ್ತೈತೆ, ಅಲ್ಲಿ ಕಟ್ರಿ." ತಿಂಗಳುಗಟ್ಟಲೆ ಆಫೀಸು ಅಲೆದು ಮೇಲಿನವರನ್ನೂ ಒಪ್ಪಿಸಿದರು. ಗಡ್ಡೆಗೆ ಎದುರಾಗಿ ಉದ್ದ ಜಗಲಿಯಿದ್ದ ಪುಟ್ಟ ಬಂಗಲೆ ಎದ್ದಿತು. ಕಟ್ಟಿದ್ದು ದೊಡ್ಡಪ್ಪನೇ. ಆಮೇಲೆ ಬಂದಬಂದವರಿಗೆ, "ಇಲ್ಲಿ ಕುಂತು ನೋಡ್ರಿ, ಹಕ್ಕಿ ಹೆಂಗ ಕಾಣ್ತಾವ," ಎಂದು ತಾವೇ ಯೋಚನೆ ಮಾಡಿದವರ ಹಾಗೆ ಕೊಚ್ಚಿಕೊಳ್ಳುತ್ತಿದ್ದರು. ಮಾವನವರು ಪಕ್ಕದಲ್ಲೇ ಕೂತು, "ಹೌದ್ರೀ, ಹೌದ್ರೀ" ಎಂದು ತಲೆಯಾಡಿಸುತ್ತಿದ್ದರು.

ಆ ದಶಕ ಮುಗಿಯುವ ಮೊದಲೇ ಮಾವನವರು ಹೋದರು. ಮಳೆಗಾಲದ ಜ್ವರ, ನಾಲ್ಕು ದಿನ ಮಲಗಿದ್ದಷ್ಟೇ. ಗಡ್ಡೆಯ ತುಂಬ ಹಕ್ಕಿಯಿದ್ದ ಕಾಲ. ನಮ್ಮಲ್ಲಿ ಹೂಳುವುದು ರೂಢಿ. ಊರಿನ ಹಿರಿಯರು ಸೇರಿ, ಅವರನ್ನು ನಡುಗಡ್ಡೆಯ ಮೇಲೇ ಮಣ್ಣು ಮಾಡಿ ಗದ್ದುಗೆ ಕಟ್ಟಬೇಕೆಂದರು. ಗದ್ದುಗೆಯ ಕಲ್ಲಿನ ಕೆಲಸ ನನ್ನದು ಎಂದು ದೊಡ್ಡಪ್ಪ ಮಗುವಿನಂತೆ ಅತ್ತರು. ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಅವರಿಗಲ್ಲದೆ ಇನ್ಯಾರಿಗೆ ಆ ಜಾಗ? ದೋಣಿಗೆ ಬಾಳೆಕಂದು ಕಟ್ಟಿದೆವು, ಹೂವು ಸುತ್ತಿದೆವು.

ಹೊರಡಬೇಕೆನ್ನುವಾಗ ನೀಲಾ ಬಂದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಸೀರೆ ನೆನೆಯುವುದನ್ನೂ ನೋಡದೆ ನೀರಿಗಿಳಿದು ದೋಣಿಯ ಅಂಚು ಹಿಡಿದಳು.

"ದೊಡ್ಡ ಮಾವನೋರೆ, ಗಡ್ಡೆ ಮ್ಯಾಲೆ ಏನೂ ಕಟ್ಟಂಗಿಲ್ಲ."

"ಅವರು ಹೊರಗಿನೋರೇನವ್ವಾ?" ಎಂದರು ದೊಡ್ಡಪ್ಪ. "ಆ ಗಡ್ಡಿ ಉಳಿಸಿದೋರು ಅವರು."

"ನಾನು ಹೇಳ್ತಿಲ್ಲ," ಎಂದಳು ನೀಲಾ. "ಪಂಚಾಯ್ತಿ ಹೇಳಿದ್ದು."

ದೊಡ್ಡಪ್ಪನೇ ಬಗ್ಗಿ ಬಾಳೆಕಂದಿನ ಹಗ್ಗ ಬಿಚ್ಚತೊಡಗಿದರು. ಮಾವನವರನ್ನು ಅವರ ಹೊಲದ ಬದುವಿನಲ್ಲಿ, ಊರಿನ ಎಲ್ಲರ ಹಾಗೆ ಮಣ್ಣು ಮಾಡಿದೆವು.

ಇವತ್ತಿಗೂ ಹೊಸಬರು ಬಂಗಲೆಯ ಜಗಲಿಯಲ್ಲಿ ಕೂತು ಕೇಳುತ್ತಾರೆ, ಇಷ್ಟೆಲ್ಲ ಮಾಡಿದ ಛೇರ್ಮನ್ನರ ಹೆಸರಿನಲ್ಲಿ ಅಲ್ಲಿ ಏನೂ ಇಲ್ಲವೇ ಎಂದು. ನಾನು ಗಡ್ಡೆಯತ್ತ ಕೈ ಮಾಡಿ, ಇಲ್ಲ, ಒಂದು ಕಲ್ಲೂ ಇಲ್ಲ ಎನ್ನುತ್ತೇನೆ. ಹಾಗೆನ್ನುವಾಗ ನನ್ನ ಎದೆ ಉಬ್ಬುತ್ತದೆ.