ಉಜ್ಜಿದ ಕೈ, ತಟ್ಟಿದ ಕೈ

ಬಸ್ಸಿನಲ್ಲಾಗಲಿ, ಮದುವೆ ಮನೆಯಲ್ಲಾಗಲಿ, ಚಿಕ್ಕ ಮಗು ಕಂಡರೆ ಎಲ್ಲರೂ ಅದರ ಮುಖ ನೋಡುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಅದರ ಮೊಣಕೈಯ ಒಳಮಡಿಕೆಗೆ, ಆಮೇಲೆ ಮೊಣಕಾಲಿನ ಹಿಂದಕ್ಕೆ. ಮುಖದ ಸರದಿ ಕೊನೆಗೆ. ಇದು ಸಭ್ಯರ ಲಕ್ಷಣವಲ್ಲ ಎಂದು ನನಗೂ ಗೊತ್ತು. ಎರಡೂವರೆ ವರ್ಷದ ಮಗಳು ದಿನವಿಡೀ ಮೈ ಕೆರೆದುಕೊಳ್ಳುವುದನ್ನು ನೋಡಿದ ಅಪ್ಪನ ನೋಟ ಹೀಗೆ ಕೆಟ್ಟುಹೋಗುತ್ತದೆ.

‘ಕೆರೆದು ಹುಣ್ಣು ಮಾಡಿಕೊಂಡರು’ ಎಂಬ ಮಾತನ್ನು ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗ ಧಾರಾಳವಾಗಿ ಬಳಸಿದವನು. ಜಗಳಗಂಟ ರಾಜರಿಗೆಲ್ಲ ಅದನ್ನು ಅನ್ವಯಿಸಿ ಹುಡುಗರನ್ನು ನಗಿಸಿದ್ದೇನೆ. ನನ್ನ ಮಗಳು ಇಂಚರ ಆ ಮಾತನ್ನು ಅಕ್ಷರಶಃ ಮಾಡಿ ತೋರಿಸಿದ ದಿನದಿಂದ ನನಗೆ ನಗು ಬರುವುದಿಲ್ಲ. ಅವಳ ಮೊಣಕೈ ಮಡಿಕೆ ಒರಟಾಗಿ, ಕೆಂಪಾಗಿ, ಕೊನೆಗೆ ಒಡೆದು ನೀರು ಒಸರತೊಡಗಿತು. ಹಿಂದಿನವರು ಇದಕ್ಕೆ ಇಸಬು ಎನ್ನುತ್ತಿದ್ದರು, ಡಾಕ್ಟರು ಎಕ್ಸಿಮಾ ಎನ್ನುತ್ತಾರೆ. ಹೆಸರು ಯಾವುದಾದರೂ ನವೆ ಒಂದೇ.

ಚರ್ಮದ ಕಾಯಿಲೆಗೆ ಒಂದು ದೌರ್ಭಾಗ್ಯವಿದೆ, ಅದು ಎಲ್ಲರಿಗೂ ಕಾಣುತ್ತದೆ. ಹೃದಯ ಕೆಟ್ಟರೆ ಯಾರೂ ಸಲಹೆ ಕೊಡಲು ಬರುವುದಿಲ್ಲ. ಚರ್ಮ ಕೆಟ್ಟರೆ ಊರೆಲ್ಲ ವೈದ್ಯರೇ. ನಮ್ಮ ಗುಂಡ್ಲುಪೇಟೆ ಹೆದ್ದಾರಿಯ ಊರಾದ್ದರಿಂದ ಸಲಹೆಗಳೂ ಲಾರಿಗಳ ಹಾಗೆ ನಾಲ್ಕೂ ಕಡೆಯಿಂದ ಬಂದವು. ಟೀ ಅಂಗಡಿಯ ಮಲಯಾಳಿ ಕಾಕಾ ಮನೆಯಲ್ಲೇ ಕಾಯಿಸಿದ ಕೊಬ್ಬರಿ ಎಣ್ಣೆ ಎಂದರು. ಪುಣಜನೂರಿನ ನೆಂಟರು ಬೇವಿನ ಸೊಪ್ಪು ಎಂದರು. ಈರುಳ್ಳಿ ಮಂಡಿಯವರೊಬ್ಬರು ಬದನೆಕಾಯಿ ನಂಜು, ಬಿಡಿಸಿ ಎಂದರು. ನಾನೇ ಬದನೆಕಾಯಿ ಬಿಟ್ಟೆ. ಮಗಳ ನವೆ ನಿಲ್ಲಲಿಲ್ಲ.

ಇವರೆಲ್ಲರಿಗಿಂತ ದೊಡ್ಡ ವೈದ್ಯೆ ಮನೆಯಲ್ಲೇ ಇದ್ದಳು, ನಮ್ಮವ್ವ. ಕೂಸುಗಳಿಗೆ ನೀರು ಎರೆಯುವುದರಲ್ಲಿ ಅವ್ವ ಬೀದಿಗೇ ಹೆಸರಾದವಳು. ಬಾಣಂತಿ ಮನೆಯವರು ವೀಳ್ಯ ಕೊಟ್ಟು ಕರೆಯುತ್ತಿದ್ದರು. ನೀಡಿದ ಕಾಲುಗಳ ಮೇಲೆ ಮಗುವನ್ನು ಬೋರಲು ಮಲಗಿಸಿ, ಹರಳೆಣ್ಣೆ ತಿಕ್ಕಿ, ಹಂಡೆಯ ಹಬೆಯಾಡುವ ನೀರು ಹುಯ್ದು, ಕಡಲೆಹಿಟ್ಟಿಗೆ ನಮ್ಮ ಹೊಲದ ಅರಿಶಿನ ಬೆರೆಸಿ ಜಿಡ್ಡು ಬಿಡುವವರೆಗೆ ಉಜ್ಜುವುದು ಅವಳ ಕ್ರಮ. ಕೊನೆಗೆ ವಿಭೂತಿ. ಮಗು ಕಿರುಚಿದರೆ ಅವ್ವನಿಗೆ ಸಮಾಧಾನ. “ಅಳ್ಳಿ ಬುಡು, ಒಳಗಿನ ಸೆಕೆ ಈಚೆ ಬತ್ತದ” ಎನ್ನುತ್ತಿದ್ದಳು.

ಮೊಮ್ಮಗಳಿಗೆ ನವೆ ಬಂದಾಗ ಅವ್ವ ಹಾಕಿದ ಲೆಕ್ಕ ಸರಳವಾಗಿತ್ತು: ಉಜ್ಜಿದ್ದು ಸಾಲದು. ಒಂದು ಹೊತ್ತಿನ ನೀರು ಎರಡು ಹೊತ್ತಾಯಿತು, ಅರಿಶಿನ ಇಮ್ಮಡಿಯಾಯಿತು, ವಿಭೂತಿ ಹಣೆಯಿಂದಿಳಿದು ಮೈಯ ಮಡಿಕೆ ಮಡಿಕೆಗೂ ಬಿತ್ತು. ಬಚ್ಚಲಿನಿಂದ ಕೆಂಪಗೆ ಬಂದ ಮಗು ವಿಭೂತಿ ಬಿದ್ದು ಬೆಳ್ಳಗಾಗಿ, ಮಧ್ಯಾಹ್ನದ ಹೊತ್ತಿಗೆ ಕೆರೆದುಕೊಂಡು ಮತ್ತೆ ಕೆಂಪಾಗುತ್ತಿತ್ತು. ಕೊನೆಕೊನೆಗೆ ಅವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿದರೆ ಸಾಕು, ಇಂಚರ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು.

“ನನ್ನ ಕಂಡ್ರೇ ಓಡೋಯ್ತದಲ್ಲ ಈ ಕೂಸು” ಎಂದು ಅವ್ವ ಒಂದು ದಿನ ಚೊಂಬು ಹಿಡಿದು ನಿಂತುಬಿಟ್ಟಳು. ಆ ಮುಖ ನೋಡಿ ನನಗೆ ಸಂಕಟವಾಯಿತು. ಮಗುವಿನ ಚರ್ಮವೂ ಉಳಿಯಬೇಕು, ಅಜ್ಜಿ ಮೊಮ್ಮಗಳ ನಂಟೂ ಉಳಿಯಬೇಕು. ಉಜ್ಜುವುದರಿಂದಲೇ ಹೀಗಾಗುತ್ತಿದೆಯೆಂದು ಹೆಂಡತಿಗೆ ಅನುಮಾನವಿತ್ತು. “ನಿಮ್ಮವ್ವಂಗೆ ನೀವೇ ಹೇಳಿ” ಎಂದು ಅವಳು ಜಾಣತನದಿಂದ ಕೈತೊಳೆದುಕೊಂಡಳು. ಅರವತ್ತು ಹುಡುಗರೆದುರು ಗಂಟೆಗಟ್ಟಲೆ ಮಾತಾಡುವ ನಾನು ಬಚ್ಚಲ ಬಾಗಿಲಲ್ಲಿ ಎರಡು ಸಲ ಕೆಮ್ಮಿ ವಾಪಸು ಬಂದೆ.

ಕೊನೆಗೆ ಚಾಮರಾಜನಗರದ ಚರ್ಮದ ಡಾಕ್ಟರಲ್ಲಿಗೆ ಹೋದೆವು. ಹೆಂಡತಿಗೆ ರಜೆ ಸಿಗಲಿಲ್ಲ, ಹೋದದ್ದು ನಾನು, ಅವ್ವ, ಇಂಚರ. ಡಾಕ್ಟರು ಇನ್ನೂ ಎಳೆಯ ಹೆಣ್ಣುಮಗಳು. ಮಗುವಿನ ಮೈ ತಡವಿ ನೋಡಿ, “ಸ್ನಾನ ಮಾಡಿಸೋದು ಯಾರು?” ಎಂದರು. ಅವ್ವ ಗೋಡೆಯ ಕ್ಯಾಲೆಂಡರು ನೋಡತೊಡಗಿದಳು.

“ನಾನೇ ಮೇಡಂ” ಎಂದೆ.

ಜೀವಮಾನದಲ್ಲಿ ಒಂದು ಮಗುವಿನ ಮೈಗೂ ಚೊಂಬು ನೀರು ಹುಯ್ಯದವನು ಹೇಳಿದ ಮಾತು ಇದು. ಅದಕ್ಕೆ ತಕ್ಕ ಬೈಗುಳವೂ ಸಿಕ್ಕಿತು. “ಓದಿದವರು ನೀವು, ಮಗು ಮೈಯನ್ನ ಪಾತ್ರೆ ತಿಕ್ಕಿದ ಹಾಗೆ ತಿಕ್ಕೋದಾ?” ನೀರು ಉಗುರುಬೆಚ್ಚಗಿರಬೇಕು, ಸ್ನಾನ ಬೇಗ ಮುಗಿಯಬೇಕು. ಹಿಟ್ಟು, ಅರಿಶಿನ ಬೇಡ. ವಿಭೂತಿ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ, ಹಣೆಗೆ ಮಾತ್ರ ಸಾಕು. ಬಟ್ಟೆಯಿಂದ ಉಜ್ಜಿ ಒರೆಸದೆ ಒತ್ತಿ ಒತ್ತಿ ತೆಗೆದು, ತೇವ ಆರುವ ಮೊದಲೇ ಕ್ರೀಮು ಸವರಬೇಕು. ಕೆಂಪಾದ ಕಡೆಗೆ ಬೇರೆ ಮುಲಾಮು, ಹೇಳಿದಷ್ಟೇ ದಿನ. ಹತ್ತಿ ಬಟ್ಟೆ, ಗಿಡ್ಡ ಉಗುರು. “ಪೂರ್ತಿ ಹೋಗಿಬಿಡುತ್ತೆ ಅಂತ ಹೇಳಲ್ಲ, ಅಂಕೆಯಲ್ಲಿ ಇಟ್ಟುಕೋಬಹುದು” ಎಂದರು.

ವಾಪಸು ಬರುವ ಬಸ್ಸು ತೆರಕಣಾಂಬಿ ದಾಟಿತು. ಅವ್ವ, “ನೀ ಯಾಕ್ಲಾ ನಿನ್ ಮೇಲೆ ಆಕ್ಕಂಡೆ?” ಎಂದಳು. ನಾನು ಮಗುವಿನ ಅಂಗಿಯ ತೋಳು ಸರಿಮಾಡಿದೆ. “ನನ್ನ ಕೈಯಿಂದ ಕೂಸ್ಗೆ ನೋವಾಯ್ತದ ಅಂತ ಒಂದಿನಾನೂ ಅನ್ಕಂಡಿರ್ನಿಲ್ಲ ಕಣ” ಎಂದು ಕಿಟಕಿಯತ್ತ ತಿರುಗಿದಳು.

ಇನ್ನು ಅವ್ವ ಬಚ್ಚಲ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಮುನಿಸಿನಲ್ಲಿ ಅವಳು ನನಗಿಂತ ದೊಡ್ಡ ವಿದುಷಿ. ಮರುದಿನ ಬೆಳಿಗ್ಗೆ ನೋಡಿದರೆ ಡಾಕ್ಟರ ಚೀಟಿ ಹಿಡಿದು ನಿಂತಿದ್ದಾಳೆ. “ಓದ್ಲಾ” ಎಂದಳು. ಓದಿದೆ. “ಇನ್ನೊಂದ್ಸಲ ಓದು” ಎಂದಳು. ಹಂಡೆಗೆ ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಿದಳು. ವರ್ಷಗಟ್ಟಲೆ ಉಜ್ಜಿದ ಕೈ ಅದು, ಒತ್ತುವುದು ಸುಲಭಕ್ಕೆ ಬರಲಿಲ್ಲ. ಟವೆಲು ಹಿಡಿದರೆ ಅದು ತಾನಾಗಿಯೇ ಉಜ್ಜಲು ಹೊರಡುತ್ತಿತ್ತು. ಅವ್ವ ಟವೆಲು ಎಸೆದು, ನನ್ನ ಒಳ್ಳೆಯ ಪಂಚೆಯೊಂದನ್ನು ನನ್ನನ್ನು ಕೇಳದೆ ಹರಿದಳು. ಆ ಮೆತ್ತನೆ ತುಂಡನ್ನು ಮಗುವಿನ ಮೈಮೇಲೆ ಹಾಸಿ, ಅಕ್ಕಿರೊಟ್ಟಿ ತಟ್ಟುವ ಹಾಗೆ ಬೆರಳ ತುದಿಯಲ್ಲಿ ತಟ್ಟತೊಡಗಿದಳು. ರೊಟ್ಟಿ ತಟ್ಟುವ ಕೈ ಯಾವತ್ತೂ ಹಿಟ್ಟನ್ನು ನೋಯಿಸುವುದಿಲ್ಲ. ಅಲ್ಲಿಂದ ದಾರಿ ಸಿಕ್ಕಿತು.

ಆಮೇಲೆ ಅದನ್ನೇ ಆಟ ಮಾಡಿದಳು. “ನವೆ ಬಂದ್ರೆ ಕೆರೀಬಾರ್ದು ಕಣಮ್ಮಿ, ರೊಟ್ಟಿ ತಟ್ಬೇಕು.” ಇಂಚರ ಮೊಣಕೈ ಚಾಚಿ, ತಟತಟನೆ ತಟ್ಟಿ, ಬೆಂದಿತೇ ಎಂದು ಅಜ್ಜಿಯನ್ನು ಕೇಳುತ್ತಿದ್ದಳು. ಒಮ್ಮೊಮ್ಮೆ ಮರೆತು ಕೆರೆದುಕೊಂಡು, ಅಜ್ಜಿಯ ಮುಖ ನೋಡಿ, ಮತ್ತೆ ತಟ್ಟುತ್ತಿದ್ದಳು. ಅರಿಶಿನ ಬೆಳೆಯುವ ನಮ್ಮ ಮನೆಯಲ್ಲಿ ಅರಿಶಿನ ಸಾರಿಗೆ ಮಾತ್ರ ಉಳಿಯಿತು. ಮೂರನೆಯ ವಾರದಲ್ಲಿ ಅವ್ವ ನೆರಿಗೆ ಎತ್ತಿ ಕಟ್ಟಿದಾಗ ಇಂಚರ ಕ್ರೀಮಿನ ಡಬ್ಬಿ ಹಿಡಿದು ತಾನೇ ಬಚ್ಚಲಿಗೆ ನಡೆದಳು. ಅವ್ವ ಕಣ್ಣೊರೆಸಿಕೊಂಡದ್ದನ್ನು ನಾನು ನೋಡದವನಂತೆ ಪತ್ರಿಕೆ ತಿರುವಿದೆ.

ತಿಂಗಳು ಕಳೆದು ಮತ್ತೆ ಚಾಮರಾಜನಗರಕ್ಕೆ ಹೋದೆವು. ಡಾಕ್ಟರು ಮಗುವಿನ ಮೊಣಕೈ ಬಿಡಿಸಿ ನೋಡಿದರು. ಕೆಂಪು ಇಳಿದು, ಮಾಸಿದ ಕಲೆ ಮಾತ್ರ ಇತ್ತು. “ಪರವಾಗಿಲ್ಲ, ಚೆನ್ನಾಗಿ ನೋಡಿಕೊಂಡಿದ್ದೀರಿ” ಎಂದು ನನ್ನ ಕಡೆ ನೋಡಿ ನಕ್ಕರು. ಬೈಗುಳ ತಿಂದವನಿಗೆ ಹೊಗಳಿಕೆಯೂ ಸಲ್ಲಬೇಕಲ್ಲ ಎಂದು ನಾನೂ ಹಲ್ಲು ಬಿಟ್ಟೆ. ಅಷ್ಟರಲ್ಲಿ ಅವ್ವ ಎದ್ದು ನಿಂತಳು.

“ಇವನಿಗೆ ನೀರು ಎರೆಯಾಕೇ ಬರಾಕಿಲ್ಲ ಡಾಕ್ಟ್ರಮ್ಮ. ನನ್ನ ಮರ್ವಾದೆ ಉಳಿಸಾಕೆ ಸುಳ್ಳು ಏಳ್ದ. ಆವತ್ತು ಉಜ್ಜಿ ಕೆಡಿಸ್ದವಳೂ ನಾನೇ, ಇವತ್ತು ತಟ್ಟಿ ಸರಿ ಮಾಡ್ದವಳೂ ನಾನೇ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಹೇಗೆ ತಟ್ಟಿದ್ರಿ, ತೋರಿಸಿ ಅಜ್ಜಿ” ಎಂದರು. ಬಾಗಿಲ ಬಳಿ ಸರದಿಗೆ ಕಾಯುತ್ತಿದ್ದ ಇಬ್ಬರು ತಾಯಂದಿರೂ ಹತ್ತಿರ ಬಂದರು. ಎಪ್ಪತ್ತು ದಾಟಿದ ನನ್ನವ್ವ, ಹೆಬ್ಬೆಟ್ಟು ಒತ್ತುವವಳು, ಮೊಮ್ಮಗಳ ತೋಳಿನ ಮೇಲೆ ಪಾಠ ಮಾಡಿದಳು. ನನ್ನ ಯಾವ ಪಾಠವನ್ನೂ ಯಾರೂ ಅಷ್ಟು ಗಮನಕೊಟ್ಟು ಕೇಳಿಲ್ಲ.

ತಪ್ಪು ಒಪ್ಪಿಕೊಳ್ಳುವವರು ತಲೆ ತಗ್ಗಿಸುತ್ತಾರೆ ಎಂದೇ ನಾನು ತಿಳಿದಿದ್ದೆ. ಅವ್ವ ತಲೆ ಎತ್ತಿಕೊಂಡೇ ಒಪ್ಪಿಕೊಂಡಳು. ಆ ಕೋಣೆಯಲ್ಲಿ ತಲೆ ತಗ್ಗಿಸಿದ್ದವನು ಸುಳ್ಳು ಹೇಳಿದ ನಾನೊಬ್ಬನೇ.