ಕಿವಿಯ ಮಶೀನಿಗೆ ವಿಭೂತಿ

ನಮ್ಮ ಮನೆಯವರಿಗೆ ಕಿವಿ ಕೇಳುವುದಿಲ್ಲ ಎಂಬುದು ಮೊದಲು ಗೊತ್ತಾದದ್ದು ಓಣಿಯವರಿಗೆ. ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಹೆಂಡತಿ ಹೇಳಿದ್ದು ಕೇಳಿಸಿಕೊಳ್ಳದ ಗಂಡ ಯಾವ ಮನೆಯಲ್ಲಿಲ್ಲ? ನಾನು ಅದನ್ನು ಅವರ ಸ್ವಭಾವವೆಂದೇ ತಿಳಿದಿದ್ದೆ.

ಮೂಡಲಗಿಯಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಪ್ರಾಯವನ್ನೆಲ್ಲ ಆ ಸದ್ದಿನೊಳಗೇ ಕಳೆದವರು. ಡಬ್ಬಿ ತಂದ ಹೆಂಗಸರ ಬಾಯಿ ಅಲುಗುವುದನ್ನು ನೋಡಿಯೇ ಜೋಳ ಸಣ್ಣಗೆ ಬೀಸಬೇಕೋ ದಪ್ಪಗೆ ಬೀಸಬೇಕೋ ತಿಳಿದುಕೊಳ್ಳುತ್ತಿದ್ದರು. ಆ ಎರಡು ಮಾತಿಗೆ ಬಾಯಿ ನೋಡಿದರೆ ಸಾಕು. ಸಂಸಾರದ ಮಾತಿಗೆ ಸಾಲದು. ಗಿರಣಿಯನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿ ಕೂತ ಮೇಲೆ ನಿಜ ಬಯಲಾಯಿತು. ಫ್ಯಾನು ಕೂಡ ತಿರುಗದ ಮನೆಯಲ್ಲಿ, ಮಾರು ದೂರದಲ್ಲಿ ಕೂತು ನಾನು ಆಡಿದ ಮಾತು ಅವರಿಗೆ ಮುಟ್ಟುತ್ತಿರಲಿಲ್ಲ.

ನಾನು ಕನ್ನಡ ಸಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಗಂಟಲಿಗೇನೂ ಕೊರತೆಯಿಲ್ಲ. ಕೂಗಿದೆ. ಊಟಕ್ಕೆ ಕೂಗಿದೆ, ನೀರು ಬಂತೆಂದು ಕೂಗಿದೆ, ಅಂಗಿ ತಿರುವುಮುರುವು ಹಾಕಿಕೊಂಡಿದ್ದೀರಿ ಎಂದು ಕೂಗಿದೆ. ನಮ್ಮ ಮನೆಯ ಸುದ್ದಿಯೆಲ್ಲ ಓಣಿಗೆ ಬಾಯಿಪಾಠವಾಯಿತು. ಹಿತ್ತಲಿನ ಆಚೆ ಮನೆಯ ಕಾಕು ಒಮ್ಮೆ ಕೇಳಿಯೇಬಿಟ್ಟಳು: "ಅಕ್ಕೋರ, ನಿನ್ನಿ ಪಲ್ಯಾಕ ಉಪ್ಪ ಜಾಸ್ತಿ ಆಗಿತ್ತಂತಲ್ರಿ, ಇವತ್ತ ಸರಿ ಆತೇನ್ರಿ?"

ಕಡೆಗೆ ಗೋಕಾಕಕ್ಕೆ ಕರೆದುಕೊಂಡು ಹೋಗಿ ಕಿವಿ ಮಶೀನು ಕೊಡಿಸಿದೆ. ಕಿವಿಯ ಹಿಂದೆ ಕೂರುವ ಹುಣಸೆಬೀಜದಂಥ ಸಣ್ಣ ವಸ್ತು. ಅಂಗಡಿಯವರು ಅದನ್ನು ಹಾಕಿ ಗುಂಡಿ ಒತ್ತಿದಾಗ ನಾನು ರೂಢಿಯಂತೆ "ಕೇಳಾಕತ್ತೇತೇನ್ರಿ?" ಎಂದು ಕಿರುಚಿದೆ. ನಮ್ಮವರು ಬೆಚ್ಚಿ ಬಿದ್ದು ನನ್ನತ್ತ ತಿರುಗಿದರು.

"ಅಕ್ಕೋರ, ಸಾವಕಾಶ ಮಾತಾಡ್ರಿ. ನಾ ಏನ್ ನಿಮ್ಮ ಸಾಲಿ ಹುಡುಗನ?"

ಅಂಗಡಿಯವರು ನಕ್ಕರು. ನನಗೆ ಮಾತ್ರ ಅಳು ಬಂತು. ಸಾವಕಾಶ ಮಾತಾಡು ಎಂದು ಗಂಡನ ಬಾಯಿಂದ ಕೇಳಿ ಎಷ್ಟು ವರ್ಷವಾಗಿತ್ತೋ.

ಆಮೇಲಿನ ಕೆಲವು ತಿಂಗಳು ನಮ್ಮ ಮನೆಯಲ್ಲಿ ಮಾತಿತ್ತು. ಘನವಾದ ಮಾತೇನಲ್ಲ. ಸಂಜೆ ಚಹಾ ಹಿಡಿದು ಕಟ್ಟೆಯ ಮೇಲೆ ಕೂತರೆ, ಕಲ್ಲೋಳಿಯ ಬಸ್ಸಿನಲ್ಲಿ ಯಾರು ಸಿಕ್ಕರು, ಯಾರ ಮನೆಯಲ್ಲಿ ಹೋಳಿಗೆ, ಇಂಥವೇ. ಆದರೆ ಸಣ್ಣ ದನಿಯಲ್ಲಿ. ಬೇರೆಯವರ ಮೇಲೆ ಚಾಡಿ ಹೇಳಲಿಕ್ಕಾದರೂ ಸಣ್ಣ ದನಿ ಬೇಕಲ್ಲ! ಕೂಗಿ ಕೂಗಿ ನಮ್ಮ ನಡುವೆ ಉಳಿದದ್ದು ಬರೀ ಅಪ್ಪಣೆ: ಬನ್ನಿ, ಉಣ್ಣಿ, ಏಳಿ. ಈಗ ಮತ್ತೆ ಗುಸುಗುಸು ಶುರುವಾಯಿತು. ನಾನು ಸುಖವಾಗಿದ್ದೆ, ಅದನ್ನು ಮುಚ್ಚಿಡುವುದೇಕೆ.

ಒಂದು ಬೆಳಿಗ್ಗೆ ಮಶೀನು ನಿಂತಿತು. ಸೆಲ್ ಬದಲಿಸಿದೆವು, ಏಳಲಿಲ್ಲ. ಗೋಕಾಕದ ಅಂಗಡಿಗೆ ಒಯ್ದೆವು. ಅಂಗಡಿಯವರು ಸಣ್ಣ ಸೂಜಿಯಿಂದ ಅದರ ಬಾಯಿ ಬಿಡಿಸಿ ನೋಡಿ ಹುಬ್ಬೇರಿಸಿದರು. ಒಳಗೆಲ್ಲ ಬೆಳ್ಳಗೆ, ಸುಣ್ಣ ಬಳಿದು ಒಣಗಿಸಿದ ಹಾಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು.

"ಇದೇನ್ರಿ ಕಾಕಾರ, ಪಾವಡರ್ ಹಚ್ಚೀರೇನು?"

"ಪಾವಡರ್ ಅಲ್ರಿ, ಇಬತ್ತಿ," ಎಂದರು ಬಾಯಿ ನೋಡಿಯೇ ಮಾತು ಹಿಡಿದ ನಮ್ಮವರು, ಇದನ್ನೂ ಕೇಳಬೇಕೇ ಎಂಬಂತೆ.

ಗಿರಣಿಯಲ್ಲಿದ್ದಷ್ಟು ಕಾಲ ಅವರು ಬೆಳಿಗ್ಗೆ ಮಶೀನಿಗೆ ಒದ್ದೆ ವಿಭೂತಿಯ ಮೂರು ಬೆರಳು ಎಳೆಯದೆ ಪಟ್ಟಾ ಹಾಕಿ ಅದನ್ನು ಚಾಲೂ ಮಾಡಿದವರಲ್ಲ. ದುಡಿಯುವ ಮಶೀನನ್ನು ಬರಿಹಣೆಯಲ್ಲಿ ಇಡಬಾರದು ಎಂಬುದು ಅವರಪ್ಪ ಕಲಿಸಿದ ಪಾಠ. ಈ ಹುಣಸೆಬೀಜವೂ ಅವರ ಲೆಕ್ಕದಲ್ಲಿ ದುಡಿಯುವ ಮಶೀನೇ. ದಿನವೂ ಲಿಂಗಪೂಜೆ ಮುಗಿಸಿ, ಬೆರಳಿನಲ್ಲಿ ಉಳಿದ ಹಸಿ ವಿಭೂತಿಯನ್ನು ಅದಕ್ಕೆ ಭಕ್ತಿಯಿಂದ ಸವರಿ, ಆಮೇಲೆ ಕಿವಿಗೆ ಏರಿಸುತ್ತಿದ್ದರು. ಪೂಜೆಯ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ. ನನಗೆಲ್ಲಿಂದ ಕಾಣಬೇಕು?

ಅಂಗಡಿಯವರು ತಲೆಯಾಡಿಸಿ, ನೀರು, ಧೂಳು ಹೊಕ್ಕರೆ ಗ್ಯಾರಂಟಿ ನಡೆಯುವುದಿಲ್ಲ ಎಂದರು. ಆ ಮಾತನ್ನು ನಾನು ಇವರ ಕಿವಿಯಲ್ಲಿ ಒದರಿದೆ. ಇವರಿಗೆ ಸಿಟ್ಟು ಬಂತು.

"ಇಷ್ಟ ವರ್ಷ ಗಿರಣಿ ನಡಸೇನಿ. ಇಬತ್ತಿ ಹಚ್ಚಿದ್ದಕ್ಕ ಕೆಟ್ಟ ಮಶೀನ್ ಒಂದರ ತೋರಸ್ರಿ ನನಗ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಅಂಗಡಿಯವರು ಒಳ್ಳೆಯವರು. ಕಂಪನಿಗೆ ಫೋನು ಹಚ್ಚಿ ಕೇಳಿಕೊಳ್ಳಿ, ಅವರು ಮನಸ್ಸು ಮಾಡಿದರೆ ರಿಪೇರಿ ಮಾಡಿಕೊಡುತ್ತಾರೆ ಎಂದು ನಂಬರು ಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಫೋನಿನಲ್ಲಿ ಒಬ್ಬ ಹೆಂಗಸು ಬೆಣ್ಣೆಯಂಥ ದನಿಯಲ್ಲಿ ಸ್ವಾಗತ ಹೇಳಿ, ಕನ್ನಡಕ್ಕಾಗಿ ಇದನ್ನು ಒತ್ತಿ ಅಂದಳು. ಒತ್ತಿದರೆ ಹಿಂದಿ ಬಂತು. ಆಮೇಲೆ ಹಾಡು ಬಂತು. ಬಹಳ ಹೊತ್ತು ಹಾಡು ಕೇಳಿಸಿ, ನಿಮ್ಮ ಕರೆ ನಮಗೆ ಬಹುಮುಖ್ಯ ಎಂದು ಹೇಳಿ ಕಟ್ಟಾಯಿತು. ಮರುದಿನವೂ ಅದೇ ಹಾಡು. ಕಡೆಗೊಮ್ಮೆ ಜೀವವಿದ್ದ ಮನುಷ್ಯನೊಬ್ಬ ಸಿಕ್ಕು, ದೂರನ್ನು ಆ್ಯಪಿನಲ್ಲೇ ಕೊಡಬೇಕು ಎಂದ. ಆ್ಯಪು ಇಳಿಸಿಕೊಳ್ಳಲು ಫೋನಿನಲ್ಲಿ ಜಾಗವಿಲ್ಲ. ಬಳಗದವರು ಕಳಿಸಿದ ಶುಭೋದಯದ ಹೂವುಗಳನ್ನೆಲ್ಲ ಅಳಿಸಿ ಜಾಗ ಮಾಡಿದೆ. ಇಳಿಯಿತು. ತೆರೆದರೆ, ನಿಮ್ಮ ಫೋನು ಹಳೆಯದು, ಇದರಲ್ಲಿ ನಾನು ನಡೆಯುವುದಿಲ್ಲ ಅಂತು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಎದುರಿಗೆ ಮನುಷ್ಯರಿದ್ದರೆ ಜಗಳವಾದರೂ ಆಡಬಹುದು. ಸಾಲೆಯಲ್ಲಿ ಎಂಥೆಂಥ ಸಾಹೇಬರ ಹತ್ತಿರ ಜಗಳ ಆಡಿ ಗೆದ್ದವಳು ನಾನು. ಇಲ್ಲಿ ಯಾರ ಮುಖಕ್ಕೆ ಬೈಯಲಿ?

ಅದೇ ಮಶೀನು ಇನ್ನೊಂದು ಕೊಡಿ ಎಂದರೆ ಆ ಮಾದರಿ ಈಗ ಬರುವುದಿಲ್ಲವಂತೆ. ಹೊಸ ನಮೂನೆಯದನ್ನು ತಂದೆವು, ಅದಕ್ಕೆ ಒಗ್ಗುವ ಹೊಸ ಫೋನನ್ನೂ ತಂದೆವು. ಅದು ಬಹಳ ಶಾಣ್ಯಾ ಮಶೀನು. ಯಾವುದು ಮಾತು, ಯಾವುದು ಗದ್ದಲ ಎಂದು ತಾನೇ ತೀರ್ಮಾನಿಸುತ್ತದೆ. ಫೋನು ಬಂದರೆ ಸೀದಾ ಕಿವಿಯೊಳಗೇ ಗಂಟೆ ಬಾರಿಸುತ್ತದೆ. ಮೊದಲ ದಿನ ಉಣ್ಣುವಾಗ ಹಾಗಾಗಿ, ಅವರು ತಾಟು ಬಿಟ್ಟು ಎದ್ದೇಬಿಟ್ಟರು. ನಾನು ಮಾತಾಡಿದರೆ ಒಮ್ಮೆ ಕೇಳಿಸುತ್ತಿತ್ತು, ಒಮ್ಮೆ ಇಲ್ಲ. ಅಂಗಡಿಯವರನ್ನು ಕೇಳಿದರೆ, "ನೀವು ಒದರಬ್ಯಾಡ್ರಿ ಅಕ್ಕೋರ, ಒದರಿದ್ರ ಅದು ಗದ್ದಲ ಅಂತ ತಿಳಕೊಂಡು ದನಿ ಇಳಸ್ತೈತಿ," ಎಂದರು. ನನ್ನ ಗಂಡನ ಕಿವಿಯಲ್ಲಿ ನಾನು ಗದ್ದಲ! ಸಣ್ಣಗೆ ಮಾತಾಡಿದರೆ ಸೀಟಿ ಹೊಡೆಯುತ್ತಿತ್ತು. ಆ್ಯಪಿನಲ್ಲಿ ಗೆರೆಗಳನ್ನು ಮೇಲೆ ಕೆಳಗೆ ಸರಿಸಿ ಹದ ಮಾಡಬೇಕಂತೆ. ಸರಿಸಿದೆ. ಒಂದು ಹದಕ್ಕೆ ತಂದರೆ ಮರುವಾರ ಆ್ಯಪು ತಾನೇ ಹೊಸದಾಗಿ, ಎಲ್ಲ ಗೆರೆಗಳೂ ಮೊದಲಿನ ಜಾಗಕ್ಕೆ ಹೋಗಿ ಕೂರುತ್ತಿದ್ದವು.

ಅವರು ಒಂದು ದಿನ ಅದನ್ನು ತೆಗೆದು ಅದರ ಡಬ್ಬಿಯಲ್ಲಿಟ್ಟು ಮುಚ್ಚಿದರು. "ಸಾಕ್ ಬಿಡು," ಅಂದರು. ಕಿವಿಯ ಡಾಕ್ಟರರ ಹತ್ತಿರ ಹೋದೆವು. ನರವೇ ಸೋತಿದೆ, ಇನ್ನು ಯಾವ ಮಶೀನು ಹಾಕಿದರೂ ಅಷ್ಟಕ್ಕಷ್ಟೇ ಎಂದರು. ಮನೆಯಲ್ಲಿ ಮತ್ತೆ ಬನ್ನಿ, ಉಣ್ಣಿ, ಏಳಿ ಶುರುವಾಯಿತು. ಕೊನೆಕೊನೆಗೆ ಅದೂ ಹೋಗಿ ಕೈಸನ್ನೆ ಉಳಿಯಿತು.

ಅಷ್ಟರಲ್ಲಿ ನಮ್ಮ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸು. ನಮ್ಮದು ಎರಡು ಕೋಣೆಯ ಮನೆ. ಒಳಕೋಣೆಯಲ್ಲಿ ಬಾಣಂತಿ, ತೊಟ್ಟಿಲು, ಪಡಸಾಲೆಯಲ್ಲಿ ನಾವು. ನಡುವೆ ಒಂದು ಪರದೆ.

ಕೂಸಿಗೆ ಎರೆದು ನಾನೂ ಸ್ನಾನ ಮಾಡುವಾಗ ಒಂದು ದಿನ ನನ್ನ ಎದೆಯಲ್ಲಿ ಗಂಟು ಕೈಗೆ ಹತ್ತಿತು. ಗೋಕಾಕದಲ್ಲಿ ತೋರಿಸಿದರೆ ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ನಾಲ್ಕು ಮಂದಿ ಗುರುತಿನವರು ಸಿಗುತ್ತಾರೆ. ತಂಗಿಯನ್ನು ನೋಡಿ ಬರುತ್ತೇನೆಂದು ಮಗಳಿಗೆ ಹೇಳಿ ಹುಕ್ಕೇರಿಗೆ ಹೋದೆ. ಅಲ್ಲಿಯ ಡಾಕ್ಟರಮ್ಮ ಬಹಳ ಹೊತ್ತು ಒತ್ತಿ ಒತ್ತಿ ನೋಡಿದರು.

"ತಡಾ ಮಾಡಬ್ಯಾಡ್ರಿ. ಬೆಳಗಾಂವಿಗೆ ಬರದ ಕೊಡ್ತೇನಿ. ಮನಿಯವರನ್ನ ಕರಕೊಂಡ ಹೋಗ್ರಿ," ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ರೋಗಕ್ಕಿಂತ ದೊಡ್ಡ ಚಿಂತೆ ಇದೇ ಆಗಿತ್ತು: ಅವರಿಗೆ ಹೇಳುವುದು ಹೇಗೆ? ಮಗಳಿಗೆ ಈಗ ತಿಳಿಯಕೂಡದು. ಹಸಿ ಬಾಣಂತಿ, ಎದೆ ಒಡೆದುಕೊಂಡರೆ ಹಾಲು ಬತ್ತುತ್ತದೆ ಎಂದು ನಮ್ಮ ಕಡೆ ಅಂಜುತ್ತಾರೆ, ನಾನೂ ಅಂಜುತ್ತೇನೆ. ಅವಳು ಗಂಡನ ಮನೆಗೆ ಹೋಗುವವರೆಗಾದರೂ ಈ ಮಾತು ನಮ್ಮಿಬ್ಬರಲ್ಲೇ ಇರಬೇಕು. ಹೊಲದ ಕಡೆ ಕರೆದೊಯ್ದು ಕೂಗಲೇ? ಕಬ್ಬು ಕಡಿಯುವವರ ಮುಂದೆ ಕೂಗುವ ಮಾತೇ ಇದು? ಕಾಗದದ ಮೇಲೆ ಬರೆಯೋಣವೆಂದರೆ ಅವರ ಕಣ್ಣೂ ಮಂಜು, ಸಣ್ಣ ಅಕ್ಷರ ಹತ್ತುವುದಿಲ್ಲ; ದೊಡ್ಡದಾಗಿ ಬರೆದ ಹಾಳೆ ಮಗಳ ಕೈಗೆ ಸಿಕ್ಕರೆ? ಹೊಸ ಫೋನಿನಲ್ಲಾದರೆ ಅಕ್ಷರ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ, ಓದಿಸಿ ಅಳಿಸಿಯೂ ಬಿಡಬಹುದು. ಆ ದರಿದ್ರ ಫೋನು ಇದೊಂದಕ್ಕಾದರೂ ಬರಲಿ ಎಂದುಕೊಂಡೆ.

ಸಂಜೆ ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಪಡಸಾಲೆಯಲ್ಲಿ ಅವರ ಬಾಜೂ ಕೂತು ಬರೆದೆ. "ಬಾಯಿ ಬಿಡಬೇಡಿ, ಮಗಳಿಗೆ ಗೊತ್ತಾಗಬಾರದು," ಎಂದು ಮೊದಲು ಬರೆದು ಉಳಿದದ್ದನ್ನು ಆಮೇಲೆ ಬರೆದೆ. ಫೋನು ಅವರ ಕೈಗೆ ಕೊಟ್ಟೆ. ಅವರು ತೋಳಿನುದ್ದ ದೂರ ಹಿಡಿದು, ಕೂಡಿಸಿ ಕೂಡಿಸಿ ಓದತೊಡಗಿದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಫೋನಿನ ಪರದೆ ಕಪ್ಪಾಯಿತು. ನಾನು ಬೆರಳೊತ್ತಿ ಬೆಳಗಿಸಿಕೊಟ್ಟೆ. ಮತ್ತೆ ಓದಿದರು, ಮತ್ತೆ ಕಪ್ಪಾಯಿತು. ಇನ್ನೊಮ್ಮೆ ಅವರ ಹೆಬ್ಬೆರಳು ಎಲ್ಲಿಗೋ ತಾಗಿ ಸೀರೆಯ ಜಾಹೀರಾತು ತೆರೆದುಕೊಂಡಿತು. ನನ್ನ ಸಾವಿನ ಸುದ್ದಿಯ ನಡುವೆ ಸೀರೆ ಉಟ್ಟು ನಗುವ ಹುಡುಗಿ. ಅವಳನ್ನು ಸರಿಸಿ ಮತ್ತೆ ಕೊಟ್ಟೆ.

ಕಡೆಯ ಸಾಲಿನವರೆಗೂ ಓದಿದರು. ಫೋನು ಮೆಲ್ಲಗೆ ಕೆಳಗಿಟ್ಟರು. ತಿಳಿಯಿತು ಎಂಬಂತೆ ನನ್ನತ್ತ ತಲೆಯಾಡಿಸಿ, ಒಳಕೋಣೆಯ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟುಕೊಂಡರು. ಮನಸ್ಸಿಗೆ ಸಮಾಧಾನವಾಯಿತು. ಆಮೇಲೆ ಅವರು ನನ್ನ ಹತ್ತಿರ ಸರಿದು, ಬಾಯಿಗೆ ಕೈ ಅಡ್ಡ ಮಾಡಿ, ಕಿವಿಗೆ ಬಾಯಿ ಹಚ್ಚಿ ಗುಟ್ಟಾಗಿ ಕೇಳಿದರು. ಗುಟ್ಟೆಂದು ತಿಳಿದಿದ್ದವರು ಅವರೊಬ್ಬರೇ. ಗಿರಣಿಯ ಸದ್ದನ್ನು ಮೀರಲು ಪಳಗಿದ್ದ ದನಿ ಅದು.

"ಗಂಟ ಆಗೇತೇನ? ಎದಿಯಾಗ? ಕ್ಯಾನ್ಸರ್ ಅಂದ್ರೇನ ಡಾಕ್ಟರು?"

ನಾನು ಅವರ ಬಾಯಿ ಮುಚ್ಚಿದೆ. ಒಳಗೆ ಕೂಸಿಗೆ ಹಾಡುತ್ತಿದ್ದ ಮಗಳ ದನಿ ನಿಂತಿತು. ಪರದೆ ಸರಿಯಿತು. ಕೂಸನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅವ್ವಾ, ಅಪ್ಪಾ ಏನಂತಾನ?"

ನಾನು ಅರಿವಿಲ್ಲದೆಯೇ ಎದೆಯ ಮೇಲೆ ಸೆರಗು ಎಳೆದುಕೊಂಡೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಕೂಸು ಚೀರತೊಡಗಿತು.

ಅವರು ಇದೊಂದನ್ನೂ ಕಾಣಲಿಲ್ಲ. ನನ್ನ ಕೈ ಬಾಯಿ ಮುಚ್ಚಿದ್ದನ್ನು, ಇನ್ನು ಈ ಮಾತು ಬೇಡ ಎಂದೆನೆಂದೇ ತಿಳಿದು, ಆಗಲೇ ಗೋಡೆಯ ಕಡೆ ತಿರುಗಿ ಹೊದಿಕೆ ಎಳೆದುಕೊಂಡು ಮಲಗಿದ್ದರು. ಹೊದಿಕೆಯೊಳಗೆ ಅಳುತ್ತಿದ್ದರು. ನನಗೆ ತಿಳಿಯಬಾರದೆಂದು ಮುಖ ಮುಚ್ಚಿಕೊಂಡು, ಸದ್ದಿಲ್ಲದೆ ಅಳುತ್ತಿದ್ದೇನೆ ಎಂದುಕೊಂಡಿದ್ದರು. ಹಿತ್ತಲಿನ ಆಚೆಯ ಕಾಕು ಆ ಅಳು ಕೇಳಿ ಬಾಗಿಲು ತೆರೆದು ಓಡಿ ಬಂದಳು. ಅವಳ ಹಿಂದೆ ಓಣಿಯವರು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ನಿಂತರು.