ಹೊಸ ಬ್ರೇಕು, ಹಳೇ ಕಲ್ಲು

ಆಳಂದ ಬಿಟ್ಟಾಗ ಬಿಸಿಲು ಇನ್ನೂ ಏರಿರಲಿಲ್ಲ. ಶಿವರಾತ್ರಿ ಮುಗಿದು ವಾರವಾಗಿತ್ತು. ಮಾವನವರು ಗಾಡಿ ನಡೆಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ನಾನು. ನಮ್ಮ ಯಜಮಾನರು ಕಡಲೆ ರಾಶಿ ಇದೆ ಎಂದು ಊರಲ್ಲೇ ಉಳಿದರು. ರಾಶಿ ಬರೀ ನೆಪ, ಈ ಗಾಡಿಯಲ್ಲಿ ಬೀಗರ ಊರಿಗೆ ಹೋಗಲು ಅವರಿಗೆ ನಾಚಿಕೆ ಎಂದು ನನಗೇನು ಗೊತ್ತಿರಲಿಲ್ಲವೇ? ನನ್ನ ಕಾಲ ಬಳಿ ಬುತ್ತಿಯ ಗಂಟು ಇತ್ತು. ಅದರ ಪಕ್ಕದಲ್ಲಿ ಹಳೇ ಧೋತರದ ತುಂಡಿನಲ್ಲಿ ಸುತ್ತಿದ ಕಲ್ಲು.

ಕಲ್ಲಿನ ಸಂಗತಿ ಮೊದಲು ಹೇಳಿಬಿಡುತ್ತೇನೆ. ನಮ್ಮದು ಮಾವನವರ ತಂದೆ ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ತಂದ ವಿಲಾಯತಿ ಮೋಟಾರು. ಉದ್ದ ಮೂಗು, ಕಪ್ಪು ಬಣ್ಣ, ನೋಡಲು ರಾಜಕಳೆ. ಆದರೆ ನಿಲ್ಲುವುದು ಅದರ ಜಾತಕದಲ್ಲೇ ಇರಲಿಲ್ಲ. ಮಾವನವರು ಬ್ರೇಕನ್ನು ಮೂರು ಸಲ ತುಳಿಯಬೇಕು, ಅತ್ತೆ 'ಶಿವಾ ಶಿವಾ' ಅನ್ನಬೇಕು, ಗಾಡಿ ಮೆಲ್ಲಗಾಗುತ್ತಲೇ ಬಾಗಿಲ ಬದಿಯಲ್ಲಿ ಕೂತ ಸೊಸೆ ಜಿಗಿದು ಗಾಲಿಗೆ ಕಲ್ಲು ಕೊಡಬೇಕು. ಮದುವೆಯಾಗಿ ಬಂದ ವರ್ಷವೇ ಈ ಕೆಲಸ ನನ್ನ ಕೊರಳಿಗೆ ಬಿತ್ತು. ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ನಾಲ್ಕು ಮಂದಿಯ ಮುಂದೆ ಕಲ್ಲು ಹಿಡಿದು ಓಡುವುದು ಎಂಥ ನಾಚಿಕೆ ಎಂದು ಯಾರ ಮುಂದೆ ಹೇಳಲಿ? ಮಾವನವರು ಒಮ್ಮೆಯೂ ತಿರುಗಿ ನೋಡಿದವರಲ್ಲ.

ಹಿಂದಿನ ತಿಂಗಳು ಜೇವರ್ಗಿಯಲ್ಲಿ ನಾದಿನಿ ಮಹಾದೇವಿಯ ಕುಬಸ, ಅಂದರೆ ಸೀಮಂತ, ಇತ್ತು. ಅವಳಿಗೆ ಚೊಚ್ಚಲ ಬಸಿರು. ಅವತ್ತು ಬುತ್ತಿಯ ಬುಟ್ಟಿಗಳು ಅಡ್ಡ ಬಂದು ನನಗೆ ಬೇಗ ಇಳಿಯಲಾಗಲಿಲ್ಲ. ಗಾಡಿ ಇಳಿಜಾರಿನಲ್ಲಿ ಉರುಳಿ ಬೀಗರ ಚಪ್ಪರದ ಕಂಬ ಕೆಡವಿತು. ಮಹಾದೇವಿಯ ಅತ್ತೆ ಶರಣಮ್ಮ ಎಲ್ಲರ ಮುಂದೆಯೇ ಹೇಳಿದರು: "ಈ ಗಾಡ್ಯಾಗ ನನ್ನ ಸೊಸೀನ ಕಳಸಂಗಿಲ್ರಿ. ಹೆರಿಗಿ ಇಲ್ಲೇ ಆಗ್ಲಿ."

ಚೊಚ್ಚಲ ಹೆರಿಗೆ ತವರಿನಲ್ಲಿ ಆಗದಿದ್ದರೆ ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಬಾಡಿಗೆ ಜೀಪು ತರೋಣ ಎಂದರೆ ಮಾವನವರು ಒಪ್ಪಲಿಲ್ಲ. "ಹೊಸಾ ಬ್ರೇಕ್ ಹಾಕಿಸ್ಕೊಂಡೇ ಬರ್ತೇನಿ. ನನ್ನ ಮಗಳು ನನ್ನ ಗಾಡ್ಯಾಗೇ ಬರ್ತಾಳ," ಎಂದು ಬೀಗರಿಗೆ ಹೇಳಿ ಬಂದಿದ್ದರು.

ಹಾಗಾಗಿ ಮೊದಲು ಅಫಜಲಪುರಕ್ಕೆ ಹೋದೆವು. ಅಲ್ಲಿಯ ರಸೂಲ್ ಮಿಸ್ತ್ರಿ ಮೊದಲೇ ಅಳತೆ ಒಯ್ದು, ಅಪಘಾತದಲ್ಲಿ ನುಜ್ಜಾದ ಹೊಸ ಮಾದರಿಯ ಕಾರೊಂದರ ಡಿಸ್ಕ್ ಬ್ರೇಕು, ಅದಕ್ಕೆ ಬಲ ಕೊಡುವ ಬೂಸ್ಟರು ಹೊಂದಿಸಿಟ್ಟಿದ್ದ. ಎರಡು ದಿನ ನೆಂಟರ ಮನೆಯಲ್ಲಿ ಉಳಿದೆವು. ಮೂರನೆಯ ದಿನ ಮಾವನವರು ಗಾಡಿ ಹೊರಡಿಸಿ, ರೂಢಿಯಂತೆ ಬ್ರೇಕನ್ನು ಜೋರಾಗಿ ತುಳಿದರು. ಅತ್ತೆಯ ಹಣೆ ಮುಂದಿನ ಸೀಟಿಗೆ ಬಡಿಯಿತು.

"ಹಗೂರಕ್ ಒತ್ರಿ ಸಾವ್ಕಾರ್ರ, ಬೆರಳ ತಾಗಿಸಿದ್ರ ಸಾಕ್," ಎಂದು ಮಿಸ್ತ್ರಿ ನಕ್ಕ. ಕಲ್ಲನ್ನು ಅಲ್ಲೇ ಬಿಟ್ಟು ಬರುವ ಆಸೆ ನನಗೆ. ಅತ್ತೆ ಕೇಳಲಿಲ್ಲ. "ಇರ್ಲಿ ತಗೋ, ದಾರ್ಯಾಗ ಪಂಕ್ಚರ್ ಆದ್ರ ಬೇಕಾಗ್ತದ."

ಅತನೂರ ದಾಟುವಾಗ ಎಮ್ಮೆಗಳ ಹಿಂಡು ಅಡ್ಡ ಬಂತು. ಗಾಡಿ ನಿಂತೇಬಿಟ್ಟಿತು; ಅತ್ತೆಯ 'ಶಿವಾ' ಅರ್ಧಕ್ಕೇ ಉಳಿಯಿತು. ಬೇವಿನ ಮರದ ಕೆಳಗೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಬಿಚ್ಚಿದೆವು. ಇಳಿಯುವಾಗ ನನ್ನ ಕೈ ಕಲ್ಲಿನತ್ತ ಹೋಯಿತು. ಅತ್ತೆ ಕೈ ಹಿಡಿದು, "ಸಾಕ್ ಬಿಡವ್ವಾ, ಇನ್ನ ನಿಂದು ಮುಗೀತು," ಅಂದರು. ಆ ರೊಟ್ಟಿಯ ರುಚಿ ಏನು ಹೇಳಲಿ! ಭೀಮಾ ಸೇತುವೆಯ ಮೇಲೆ ಮಾವನವರು ಮೀಸೆ ತಿರುವಿದ್ದನ್ನು ಕನ್ನಡಿಯಲ್ಲಿ ನೋಡಿದೆ.

ಜೇವರ್ಗಿ ಮುಟ್ಟಿದಾಗ ಇಳಿಹೊತ್ತು. ಬೀಗರ ಓಣಿಗೆ ಓಣಿಯೇ ಕಟ್ಟೆಯ ಮೇಲೆ ಕೂತಿತ್ತು. ಅದೇ ಇಳಿಜಾರು, ಅದೇ ಮಂದಿ. ಮಾವನವರು ಹಗುರಾಗಿ ಒತ್ತಿದರು, ಗಾಡಿ ಕಟ್ಟೆಗೆ ಗೇಣು ದೂರದಲ್ಲಿ ನಿಂತಿತು. ಅವರು ಹೆಮ್ಮೆಯಿಂದ ಹೊರಗೆ ನೋಡುವಷ್ಟರಲ್ಲಿ ನಾನು ಜಿಗಿದು, ಗಾಲಿಗೆ ಕಲ್ಲು ಕೊಟ್ಟು ಆಗಿತ್ತು.

ಓಣಿ ಗೊಳ್ಳೆಂದು ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಶರಣಮ್ಮ ನಗಲಿಲ್ಲ. "ಹೊಸಾ ಬ್ರೇಕ್ ಭಾಳ ಛಂದ ಅದ್ರಿ ಬೀಗ್ರೇ. ಸೊಸಿ ಕೈಯಾಗ ಹಾಕಿಸೀರಿ."

ಮಾವನವರು ಗಾಡಿಯನ್ನು ದಿನ್ನೆ ಹತ್ತಿಸಿ ಇಳಿಸಿ, ನಿಲ್ಲಿಸಿ ನಿಲ್ಲಿಸಿ ತೋರಿಸಿದರು. ಬೆವರು ಸುರಿಯಿತೇ ಹೊರತು ಶರಣಮ್ಮನ ಮನಸ್ಸು ಕರಗಲಿಲ್ಲ. "ಇವತ್ತ ನಿಂತದ. ನಾಳಿ ನಿಲ್ಲಲಿಲ್ಲಂದ್ರ?" ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ಅಂಟಿ ನಿಂತಿದ್ದೆ. ಎಲ್ಲ ಕೆಡಿಸಿದವಳು ನಾನೇ.

ಆಗ ಮಹಾದೇವಿ ಬಾಗಿಲಿಗೆ ಬಂದಳು. ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನನ್ನತ್ತ ತೋರಿಸಿ, "ಅತ್ತೀ, ನಮ್ಮ ವೈನಿ ಕಲ್ಲ ಕೊಟ್ಟ ಮ್ಯಾಲ ಗಾಡಿ ಎಂದೂ ಅಲಗಾಡಿಲ್ರಿ," ಅಂದಳು.

ಶರಣಮ್ಮ ಗಾಲಿಯನ್ನೂ ಕಲ್ಲನ್ನೂ ನೋಡಿದರು. "ಆಯ್ತು. ಬ್ರೇಕ್ ನಾ ನಂಬಂಗಿಲ್ಲ. ನಿಂತಲ್ಲೆಲ್ಲಾ ಕಲ್ಲ ಕೊಡ್ತೇವಂತ ಮಾತ ಕೊಡ್ರಿ, ಕಳಸ್ತೇನಿ."

ಮಾವನವರ ಮುಖ ಸಣ್ಣದಾಯಿತು. "ಕೊಡ್ತೇವ್ರಿ," ಅಂದರು. ಕೊಟ್ಟ ಮಾತಿಗೆ ಅವರು ತಪ್ಪುವವರಲ್ಲ.

ಮರುದಿನ ಮಹಾದೇವಿಯನ್ನು ಕೂಡಿಸಿಕೊಂಡು ಗುಲಬರ್ಗಾ ಮೇಲೆ ಹಾದು ಊರ ದಾರಿ ಹಿಡಿದೆವು. ಚಹಾಕ್ಕೆ ನಿಂತಲ್ಲಿ, ನೀರಿಗೆ ನಿಂತಲ್ಲಿ, ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ನಿಂತ ಗಾಡಿಗೆ ನಾನು ಇಳಿದು ಕಲ್ಲು ಕೊಟ್ಟೆ. ಗುಲಬರ್ಗಾದ ಹೋಟೆಲಿನ ಮುಂದೆ ಒಬ್ಬ ಹಲ್ಲು ಕಿಸಿದ. ಮೊದಲಾದರೂ ಗಾಡಿ ಉರುಳುತ್ತಿತ್ತು, ಕೆಲಸಕ್ಕೆ ಅರ್ಥ ಇತ್ತು. ಈಗ ಬರೀ ನಗೆಪಾಟಲು. ಕನ್ನಡಿಯಲ್ಲಿ ಮಾವನವರ ಕಣ್ಣು ನನ್ನನ್ನು ನೋಡಿ ಸರಿಯುತ್ತಿತ್ತು.

ಆಳಂದದಲ್ಲಿ ಮನೆಯ ಮುಂದೆ ಆರತಿ ಹಿಡಿದು ಹೆಂಗಸರು ನಿಂತಿದ್ದರು. ಗಾಡಿ ನಿಂತಿತು. ನಾನು ಕಲ್ಲು ಎತ್ತಿಕೊಂಡು ಇಳಿಯುವುದರೊಳಗೆ ಮಾವನವರು ನನ್ನ ಬಾಗಿಲಿಗೆ ಬಂದಿದ್ದರು.

"ಕೊಡು ಯವ್ವಾ. ಮಾತ ಕೊಟ್ಟಾಂವ ನಾ."

ಬೇಡ ಅನ್ನುವಷ್ಟರಲ್ಲಿ ಕಲ್ಲು ಅವರ ಕೈಯಲ್ಲಿತ್ತು. ಅದರ ಭಾರಕ್ಕೆ ಅವರ ತೋಳು ಕೆಳಗೆ ಜಗ್ಗಿತು. ಇಡೀ ಓಣಿ ನೋಡುತ್ತಿರಲು, ಬಿಳಿ ಧೋತರ ಮಣ್ಣಾಗುವಂತೆ ಕುಕ್ಕರಗಾಲಲ್ಲಿ ಕೂತು ಗಾಲಿಗೆ ಕೊಟ್ಟರು. ನಾನು ತಲೆ ತಗ್ಗಿಸಿದೆ.

"ಇಷ್ಟ ವಜ್ಜಿ ಅದೇನವ್ವಾ ಇದು?" ಅಂದರು ಮೆಲ್ಲಗೆ.

"ರೂಢಿ ಆಗ್ಯಾದ್ರಿ ಮಾವಾ," ಅಂದೆ.

ಆರತಿಯ ದೀಪ ಗಾಳಿಗೆ ಹೊಯ್ದಾಡುತ್ತಿತ್ತು, ಹೆಂಗಸರು ಕಾಯುತ್ತಿದ್ದರು. ಮಾವನವರು ಮಾತ್ರ ಗಾಲಿಯನ್ನೇ ನೋಡುತ್ತ ಕೂತರು, ಬೇಗ ಏಳಲಿಲ್ಲ.